ಜೀಬ್ರಾ ಮಸ್ಸೆಲ್‌ನ ಹುಳು ಹುಡುಕಲು 7–45 ಪಟ್ಟಿನ ಜೂಮ್ ಸ್ಟೀರಿಯೊ ಮೈಕ್ರೋಸ್ಕೋಪ್

ಯುರೋಪಿನ ನದಿ, ಕಾಲುವೆಗಳನ್ನು ಆಕ್ರಮಿಸಿರುವ ಜೀಬ್ರಾ ಮಸ್ಸೆಲ್ ಎಂಬ ಸಣ್ಣ ಚಿಪ್ಪುಜೀವಿಯಲ್ಲಿ ಬುಸಿಫಾಲಸ್ ಪಾಲಿಮಾರ್ಫಸ್ ಎಂಬ ಪರಾವಲಂಬಿ ಹುಳು ಇದೆಯೇ ಎಂದು ನೋಡಲು, 7ರಿಂದ 45 ಪಟ್ಟು ದೊಡ್ಡದಾಗಿ ತೋರಿಸುವ, ಎರಡೂ ಕಣ್ಣಿಟ್ಟು ನೋಡುವ ಈ ದರ್ಜೆಯ ಸ್ಟೀರಿಯೊ ಮೈಕ್ರೋಸ್ಕೋಪ್ ಧಾರಾಳವಾಗಿ ಸಾಕು. ಲೆನ್ಸ್‌ಗೂ ನೋಡುವ ವಸ್ತುವಿಗೂ ನಡುವೆ ಸುಮಾರು 100 ಮಿ.ಮೀ. ಅಂತರ ಸಿಗುವುದರಿಂದ ಲೆನ್ಸ್‌ ಕೆಳಗೇ ಸ್ಕಾಲ್ಪೆಲ್, ಚಿಮುಟ ಆಡಿಸಬಹುದು. ಇದೇ ಇದರ ದೊಡ್ಡ ಗುಣ.

ಖರೀದಿಸುವಾಗ ಕೆಳಗಿನಿಂದ ಬರುವ ಎಲ್ಇಡಿ ಬೆಳಕು ಇದೆಯೇ ಎಂದು ಮೊದಲು ನೋಡಿ. ಹ್ಯಾಲೊಜನ್ ದೀಪದ ಶಾಖಕ್ಕೆ ತಟ್ಟೆಯ ನೀರು ಬಿಸಿಯಾಗಿ ಮರಿಹುಳುಗಳು ಸಾಯಬಹುದು; ಚಲನೆ ನಿಂತರೆ ಗುರುತಿಸುವುದು ಕಷ್ಟ. ಕ್ಲೋರಿನ್ ಇರುವ ನಲ್ಲಿ ನೀರೂ ಬೇಡ, ಅದೇ ನದಿಯ ನೀರು ಬಳಸಿ.

ಜೀವಂತ ಮಸ್ಸೆಲ್‌ನ ಚಿಪ್ಪು ಮುಚ್ಚುವ ಸ್ನಾಯು ಕತ್ತರಿಸಿ ತೆರೆದು, 10 ಪಟ್ಟಿನಲ್ಲಿ ಕಿವಿರು ನೋಡಿ. ಅಲ್ಲಿ ಫಿಲೋಡಿಸ್ಟೋಮಮ್ ಎಂಬ ಇನ್ನೊಂದು ಬಗೆಯ ಪರಾವಲಂಬಿ ಹುಳುಗಳ ಚೀಲಗಳು ಸಿಗಬಹುದು. ಬಳಿಕ ಜನನಾಂಗದ ಚೂರನ್ನು ಎರಡು ಗಾಜುಗಳ ನಡುವೆ ಒತ್ತಿ, 30–40 ಪಟ್ಟಿಗೆ ಏರಿಸಿ. ಕವಲೊಡೆದ ಬಿಳಿ ಎಳೆಗಳು ಬುಸಿಫಾಲಸ್‌ನವು. ಸೋಂಕು ಬಲಿತ ಮಸ್ಸೆಲ್ ಮೊಟ್ಟೆ, ವೀರ್ಯ ಉತ್ಪಾದಿಸಲಾರದು. ಎಳೆಯೊಳಗಿಂದ ಹೊರಬರುವ ಮರಿಗೆ ಎರಡು ಉದ್ದ ಬಾಲಗಳಿರುತ್ತವೆ. ಅದರ ಮುಂದಿನ ನೆಲೆ ಕಾರ್ಪ್ ಕುಲದ ಮೀನು.

ಸತ್ತ ಮಸ್ಸೆಲ್ ಕೊಳೆತಾಗ ಏಕಕೋಶ ಜೀವಿಗಳು ತುಂಬಿ, ಹುಳು ಎಂದು ದಾರಿ ತಪ್ಪಿಸುತ್ತವೆ. ಸೋಂಕಿನ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಬೆರಳೆಣಿಕೆಯ ಚಿಪ್ಪು ನೋಡಿ ಹುಳುವಿಲ್ಲ ಎನ್ನಬೇಡಿ.

ಜಾತಿ ಖಚಿತಪಡಿಸಲು ಮಾತ್ರ ಇದು ಸಾಲದು, 100–400 ಪಟ್ಟಿನ ಸಾಮಾನ್ಯ ಮೈಕ್ರೋಸ್ಕೋಪ್ ಬೇಕೇ ಬೇಕು. ಜೊತೆಗೆ ಮಾರುವ ಅಗ್ಗದ ಕ್ಯಾಮೆರಾ ಬಿಡಿ. ಆ ಹಣ ಒಳ್ಳೆಯ ಕೆಳಬೆಳಕಿಗೆ ಹೋಗಲಿ. ಉಳಿದ ಮಸ್ಸೆಲ್‌ಗಳನ್ನು ಕುದಿಸಿಯೇ ಎಸೆಯಿರಿ, ಮೋರಿಗೆ ಜೀವಂತ ಬಿಡಬೇಡಿ.