ವಾಟ್ಸಾಪೋ, ಟೆಲಿಗ್ರಾಮೋ?

ಹೊಸನಗರದ ಕಡೆಯ ಶಿಕ್ಷಕಿಯೊಬ್ಬರ ಪ್ರಶ್ನೆ: ಬೇರೆ ಶಾಲೆಗಳ ಶಿಕ್ಷಕರಿಂದ ಕಲಿಯಲು ವಾಟ್ಸಾಪ್ ಸಾಕೇ, ಟೆಲಿಗ್ರಾಮ್ ಬೇಕೇ?

ಖರ್ಚು ಎರಡಕ್ಕೂ ಡೇಟಾದ್ದಷ್ಟೇ. ವ್ಯತ್ಯಾಸ ಕಾಣುವುದು ಜೋಪಾನದಲ್ಲಿ. ಜೂನ್‌ನಲ್ಲಿ ವಾಟ್ಸಾಪ್‌ಗೆ ಬಂದ ಭಿನ್ನರಾಶಿಯ ಚಟುವಟಿಕೆ ಹಾಳೆ ನವೆಂಬರ್ ಹೊತ್ತಿಗೆ ಶುಭೋದಯದ ಹೂಗಳಡಿ ಹೂತುಹೋಗಿರುತ್ತದೆ. ಫೋನಿನ ಜಾಗವನ್ನೂ ತಿನ್ನುತ್ತದೆ. ಟೆಲಿಗ್ರಾಮ್‌ನಲ್ಲಿ ಅದು ಸರ್ವರ್‌ನಲ್ಲಿರುವುದರಿಂದ ಫೋನ್ ಬದಲಿಸಿದರೂ ಹುಡುಕಿದರೆ ಸಿಗುತ್ತದೆ. ಗುಂಪಿನ ಮಿತಿ ಟೆಲಿಗ್ರಾಮ್‌ನಲ್ಲಿ 2 ಲಕ್ಷ ಮಂದಿ, ವಾಟ್ಸಾಪ್‌ನಲ್ಲಿ 1024. ಟೆಲಿಗ್ರಾಮ್‌ನಲ್ಲಿ ಮೊಬೈಲ್ ಸಂಖ್ಯೆಯನ್ನು ಅಪರಿಚಿತರಿಗೆ ಕಾಣದಂತೆ ಇಡಲೂಬಹುದು. ಶಿಕ್ಷಕಿಯರಿಗೆ ಇದು ಸಣ್ಣ ಮಾತಲ್ಲ.

ಆದರೆ ಜಡಿಮಳೆಯಲ್ಲಿ ದರೆ ಹತ್ತಿ ಸಿಗ್ನಲ್ ಹಿಡಿದು "ನಾಳೆ ರಜೆಯೇ?" ಎಂದು ಕೇಳುವುದಕ್ಕೆ, ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಕೂಟದ) ಹತ್ತು ಹನ್ನೆರಡು ಮಂದಿಯ ಒಡನಾಟಕ್ಕೆ ವಾಟ್ಸಾಪೇ ಸರಿ, ಎಲ್ಲರೂ ಆಗಲೇ ಅಲ್ಲಿದ್ದಾರೆ. ಬೀದರ್‌ನ ಗಣಿತ ಶಿಕ್ಷಕರ ಪಾಠಯೋಜನೆಯೂ ಬೇಕೆಂದರೆ ಟೆಲಿಗ್ರಾಮ್.