ಕಡೂರು ರಸ್ತೆಯ ಪಟ್ಟಿ ಅಂಗಡಿ: ಮುರಿದ ತುಂಡನ್ನೂ ತಗೊಂಡು ಹೋಗಿ

ಚಿಕ್ಕಮಗಳೂರಿನಿಂದ ಕಡೂರು ಕಡೆ ಹೊರಟರೆ ರಸ್ತೆ ಪಕ್ಕ ಬೋರ್ಡೇ ಇಲ್ಲದ ಒಂದು ಪಟ್ಟಿ ಅಂಗಡಿ ಇದೆ. ಮುಂದೆ ಬಿದ್ದಿರುವ ಹಳೇ ಕಮಾನು ಪಟ್ಟಿಗಳ, ಅಂದರೆ ಗಾಡಿಯ ಭಾರ ಹೊತ್ತು ಗುಂಡಿಯ ಏಟು ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳ, ರಾಶಿಯೇ ಗುರುತು. ಜೀಪು, ಪಿಕಪ್ಪು ಇಟ್ಟುಕೊಂಡವರು ಒಮ್ಮೆ ಹೋಗಿ. ಮುರಿದದ್ದನ್ನು ಬದಲಾಯಿಸುವವರು ಎಲ್ಲಾ ಕಡೆ ಸಿಗುತ್ತಾರೆ, ಯಾಕೆ ಮುರಿಯಿತು ಅಂತ ನೋಡುವವರು ಅಪರೂಪ.

ನಮ್ಮ ಪಿಕಪ್ಪಿನ ಹಿಂದಿನ ಮೇನ್ ಪಟ್ಟಿಗೆ ಬೇರೊಂದು ಗ್ಯಾರೇಜಿನವರು ವೆಲ್ಡಿಂಗ್ ಹೊಡೆದು ಕಳಿಸಿದ್ದರು. ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ತುಂಡಾಯಿತು. ಇಲ್ಲಿನ ಮೇಸ್ತ್ರಿ ತುಂಡನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರು. ಮುರಿದ ಮುಖದ ಒಂದು ಭಾಗ ನುಣ್ಣಗಿತ್ತು, ಅದರಲ್ಲಿ ಬಿಲ್ಲಿನಂಥ ಸಣ್ಣ ಗೆರೆಗಳು ಒಂದರ ಹಿಂದೊಂದು. ಉಳಿದದ್ದು ಹರಳು ಹರಳಾಗಿ ಒರಟು. ನುಣ್ಣಗಿರುವ ಕಡೆ ಬಿರುಕು ನಿಧಾನಕ್ಕೆ ಬೆಳೆದಿದೆ, ಒರಟಾದದ್ದು ಕೊನೆಗೆ ಒಂದೇ ಏಟಿಗೆ ಹೋಗಿದೆ.

"ಮೇಲಿಂದ ಶುರುವಾಗಿದೆ ನೋಡಿ ಅಣ್ಣ, ಕೆಳಗಿಂದ ಅಲ್ಲ" ಅಂದರು.

ಅದಕ್ಕೆ ಕಾರಣ ಇದೆ. ಲೋಡು ಪಟ್ಟಿಯ ಎರಡು ತುದಿಗಳನ್ನು ಕೆಳಕ್ಕೆ ಒತ್ತುತ್ತದೆ, ನಡುವೆ ಆಕ್ಸಲ್ (ಚಕ್ರಗಳ ಅಚ್ಚು) ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಪಟ್ಟಿಯ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ಕೆಳಮೈ ಒತ್ತಡಕ್ಕೆ. ಒತ್ತಿದರೆ ಬಿರುಕು ಮುಚ್ಚಿಕೊಳ್ಳುತ್ತದೆ, ಎಳೆದರೆ ಬಾಯಿ ಬಿಡುತ್ತದೆ. ಒಂದೇ ಸಲ ಮುರಿಯುವಷ್ಟು ಭಾರ ಬೇಕಾಗಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಭಾರವೇ ಗುಂಡಿ ಗುಂಡಿಗೂ ಲಕ್ಷಾಂತರ ಸಲ ಬಿದ್ದರೆ ಉಕ್ಕು ದಣಿಯುತ್ತದೆ. ಇನ್ನು ವೆಲ್ಡಿಂಗ್ ಶಾಖಕ್ಕೆ ಪಟ್ಟಿಯ ಟೆಂಪರ್, ಅಂದರೆ ಕಾಯಿಸಿ ತಣಿಸಿ ತಂದ ಹದ, ಹಾಳಾಗಿ, ಪಕ್ಕದ ಜಾಗ ಗಡಸಾಗಿ ಪೆಡಸಾಗುತ್ತದೆ. ಕಮಾನು ಪಟ್ಟಿಗೆ ವೆಲ್ಡಿಂಗ್ ಮಾಡ್ತೀವಿ ಅಂದವರ ಹತ್ತಿರ ಗಾಡಿ ಬಿಡಬೇಡಿ.

ಬೋಲ್ಟಿನ ವಿಷಯದಲ್ಲೂ ಇವರು ಹುಷಾರು. ಪಟ್ಟಿಗಳ ನಡುವೆ ತೂರಿಸುವ ಹೊಸ ಸೆಂಟರ್ ಬೋಲ್ಟಿನ ತಲೆ ಮೇಲೆ 8.8 ಅಂತ ಇದೆಯಾ ನೋಡಿಯೇ ಹಾಕಿದರು. ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದಾಜು 80 ಕೆಜಿ ಎಳೆತದವರೆಗೂ ಕಿತ್ತು ಹೋಗುವುದಿಲ್ಲ ಅಂತ. ಚುಕ್ಕಿ ಆದಮೇಲಿನ 8, ಅದರ 80 ಪರ್ಸೆಂಟ್ ತಲುಪುವವರೆಗೂ ಹಿಗ್ಗಿ ಹಾಗೇ ಉಳಿಯುವುದಿಲ್ಲ ಅಂತ. ಆದರೆ ಇದೆಲ್ಲ ಉದ್ದಕ್ಕೆ ಎಳೆದಾಗಿನ ಲೆಕ್ಕ. ಅಡ್ಡಕ್ಕೆ ಕತ್ತರಿಸುವ ಬಲ ಬಿದ್ದರೆ ಅದೇ ಬೋಲ್ಟು ಸುಮಾರು 60 ಪರ್ಸೆಂಟಿಗೇ ಸೋಲುತ್ತದೆ. ಪಟ್ಟಿಗಳನ್ನು ಬಿಗಿಹಿಡಿದು ಜಾರದಂತೆ ನೋಡಿಕೊಳ್ಳುವುದು ಯು ಬೋಲ್ಟಿನ ಕೆಲಸ. ಅದು ಸಡಿಲವಾದರೆ ಜಾರಿಸುವ ಬಲವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಅಡ್ಡಕ್ಕೆ ಬೀಳುತ್ತದೆ, ಟಕ್ ಅಂತ ಹೋಗುತ್ತದೆ. ಸುಮ್ನೆ ಬೋಲ್ಟು ಕಂಪನಿಯನ್ನು ಬೈದು ಪ್ರಯೋಜನ ಇಲ್ಲ, ಅಲ್ವಾ?

ಮೂಲೆಯಲ್ಲಿ ಒಂದು ಮುರಿದ ಶಾಫ್ಟೂ ಇತ್ತು. ಗರಗಸದಲ್ಲಿ ಕೊಯ್ದ ಹಾಗೆ ನೇರ ಅಡ್ಡಕ್ಕೆ ಹೋಗಿತ್ತು. ಮೆದು ಉಕ್ಕನ್ನು ಮಿತಿಮೀರಿ ತಿರುಚಿದರೆ ಹೀಗೇ. ಸೀಮೆಸುಣ್ಣ ತಿರುಚಿ ನೋಡಿ, ಅದು ಓರೆಯಾಗಿ ಮುರಿಯುತ್ತದೆ. ತಿರುಚು ಓರೆ ದಿಕ್ಕಿನಲ್ಲಿ ಎಳೆತವಾಗುತ್ತದೆ, ಸುಣ್ಣಕ್ಕೆ ಎಳೆತ ತಡೆಯುವ ಶಕ್ತಿ ಇಲ್ಲ.

ಬೇಜಾರಿನ ವಿಷಯಗಳೂ ಇವೆ. ಫೋನ್ ಎತ್ತುವುದಿಲ್ಲ. ಬಿಲ್ ಇಲ್ಲ, ಚೀಟಿ ಮಾತ್ರ. ರೇಟು ಸ್ವಲ್ಪ ಜಾಸ್ತಿ. ಹಳೇ ಪಟ್ಟಿಯನ್ನು ಬಡಿದು ಮತ್ತೆ ಕಮಾನು ಎತ್ತಿ ಕೊಡುವ ಕೆಲಸವನ್ನೂ ಮಾಡುತ್ತಾರೆ, ಅದು ನನಗೆ ಒಪ್ಪಿಗೆ ಇಲ್ಲ. ಒಳಗೆ ಬಿರುಕು ಶುರುವಾಗಿದ್ದರೆ ಸುತ್ತಿಗೆ ಏಟಿಗೆ ಅದೇನು ವಾಸಿಯಾಗುತ್ತದಾ? ದುಡ್ಡು ಹೋದರೂ ಹೊಸದೇ ಹಾಕಿಸಿ.

ಹೊಸ ಪಟ್ಟಿ ಹಾಕಿದ ಮೇಲೆ ಒಂದಷ್ಟು ದಿನ ಓಡಿಸಿ ವಾಪಸ್ ಬನ್ನಿ, ಯು ಬೋಲ್ಟ್ ಮತ್ತೆ ಬಿಗಿ ಮಾಡಬೇಕು ಅನ್ನುತ್ತಾರೆ. ತಪ್ಪದೇ ಹೋಗಿ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಎಸ್ಟೇಟ್ ಗಾಡಿಗಳದ್ದೇ ಸಾಲು, ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.