ಅಲ್-ಅನಾನ್ ಮೀಟಿಂಗ್: ಕುಡಿಯುವವನ ಮನೆಯ ಹೆಂಗಸಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕುಡಿತ ಬಿಡಿಸಲು ನಮ್ಮಲ್ಲಿ ದಾರಿಗಳಿವೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆ ಇದೆ, ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಯಲ್ಲಿ ನಡೆಯುತ್ತವೆ, ಕುಡಿತ ಬಿಡಬಯಸುವವರೇ ಸೇರುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪುಗಳಿವೆ. ಇವೆಲ್ಲವುಗಳ ಗಮನ ಮುಖ್ಯವಾಗಿ ಕುಡಿಯುವವನ ಮೇಲೆ. ರಾತ್ರಿ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತ ಹೆಂಡತಿ, ತಾಯಿ, ಅಕ್ಕನಿಗೆಂದೇ ಇರುವುದು ಅಲ್-ಅನಾನ್ ಗುಂಪುಗಳು. ಎ.ಎ. ಸಂಸ್ಥಾಪಕರಲ್ಲೊಬ್ಬರ ಪತ್ನಿ ಲೋಯಿಸ್ ಮತ್ತು ಅವರ ಗೆಳತಿ ಆನ್ 1951ರಲ್ಲಿ ಅಮೆರಿಕದಲ್ಲಿ ಶುರುಮಾಡಿದ್ದು. ಗಂಡಸರೂ ಬರಬಹುದು, ಆದರೆ ಬರುವವರಲ್ಲಿ ಹೆಂಗಸರೇ ಹೆಚ್ಚು.

ಫೀಸಿಲ್ಲ. ಕೊನೆಯಲ್ಲಿ ಒಂದು ಚೀಲ ಬರುತ್ತದೆ, ಇಷ್ಟವಿದ್ದರೆ ಹಾಕಬಹುದು, ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಪೂರ್ತಿ ಹೆಸರು, ಊರು, ಗಂಡನ ಕೆಲಸ ಯಾವುದನ್ನೂ ಹೇಳಬೇಕಿಲ್ಲ. ಮೀಟಿಂಗ್ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಮೊದಲು ಒಂದು ವಿಷಯ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ಮಾತಾಡುತ್ತಾರೆ. 'ಇವತ್ತು ಕೇಳುತ್ತೇನೆ ಅಷ್ಟೇ' ಅಂದರೂ ನಡೆಯುತ್ತದೆ. ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. 'ನೀನು ಸ್ವಲ್ಪ ಹೊಂದಿಕೊಂಡಿದ್ದರೆ ಅವನು ಹೀಗಾಗುತ್ತಿರಲಿಲ್ಲ' ಎಂದು ಬಂಧುಗಳಿಂದ ಕೇಳಿ ಕೇಳಿ ಸೋತವರಿಗೆ ಈ ಒಂದು ನಿಯಮವೇ ದೊಡ್ಡ ಉಪಕಾರ.

ಬಹಳ ಮಂದಿ ಮೊದಲ ದಿನವೇ ನಿರಾಶರಾಗಿ ಬಿಡುವುದೂ ಇದೇ ಕಾರಣಕ್ಕೆ. 'ಅವರನ್ನು ಕುಡಿಯದ ಹಾಗೆ ಮಾಡುವುದು ಹೇಗೆ' ಎಂದು ಕೇಳಲು ಬಂದಿರುತ್ತಾರೆ, ಉತ್ತರ ಸಿಗುವುದಿಲ್ಲ. ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ಹತೋಟಿಗೆ ತರುವುದು ನಿನ್ನ ಕೈಲಿಲ್ಲ, ವಾಸಿಮಾಡುವುದೂ ನಿನ್ನ ಕೈಲಿಲ್ಲ: ಇಲ್ಲಿಯ ಪಾಠವೇ ಇದು. ಇದು ಒಂದೇ ಸಲಕ್ಕೆ ಒಳಗಿಳಿಯುವುದಿಲ್ಲ. ಕನಿಷ್ಠ ಆರು ಮೀಟಿಂಗ್ ನೋಡಿ ಆಮೇಲೆ ತೀರ್ಮಾನಿಸಿ ಎಂದು ಗುಂಪಿನವರೇ ಹೇಳುತ್ತಾರೆ, ಅದು ಸರಿಯಾದ ಮಾತು. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ.

ನಿಜವಾದ ಪ್ರಯೋಜನ ಮನೆಗೆ ಬಂದಮೇಲೆ ಕಾಣುತ್ತದೆ. ಆಫೀಸಿಗೆ ಫೋನ್ ಮಾಡಿ 'ಅವರಿಗೆ ಜ್ವರ' ಎಂದು ಸುಳ್ಳು ಹೇಳುವುದು, ಬಾರಿನ ಸಾಲ ತೀರಿಸುವುದು, ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದು, ಕುಡಿದು ಬಂದಾಗಲೇ ಜಗಳಕ್ಕೆ ನಿಲ್ಲುವುದು: ಇವನ್ನು ಒಂದೊಂದಾಗಿ ಬಿಡುವುದನ್ನು ಹೆಂಗಸರು ಇಲ್ಲಿ ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ. ಇಲ್ಲಿ ಹೇಳುವ 'ಪ್ರೀತಿ ಇಟ್ಟುಕೊಂಡೇ ದೂರ ನಿಲ್ಲುವುದು' ಎಂದರೆ ಇದು. ಎಡವುವುದೂ ಇಲ್ಲೇ. ಮಾತುಬಿಟ್ಟು ಸೇಡು ತೀರಿಸಿಕೊಳ್ಳುವುದು ದೂರ ನಿಲ್ಲುವುದಲ್ಲ. ಪ್ರಜ್ಞೆತಪ್ಪಿ ಬಿದ್ದವನನ್ನು ಹಾಗೇ ಬಿಡುವುದಂತೂ ಖಂಡಿತ ಅಲ್ಲ. ವಾಂತಿ ಉಸಿರಿಗೆ ಸಿಕ್ಕಿಕೊಳ್ಳದಂತೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರು ನಿಧಾನವಾದರೆ 108ಕ್ಕೆ ಕರೆ ಮಾಡಿ.

ಕೊರತೆಗಳನ್ನೂ ಹೇಳಬೇಕು. ಎ.ಎ.ಯಂತೆ ಇಲ್ಲಿಯೂ ಒಂದೊಂದಾಗಿ ಅನುಸರಿಸುವ ಹನ್ನೆರಡು ಮೆಟ್ಟಿಲುಗಳಿವೆ, ಅದರಲ್ಲಿ ನಾಲ್ಕನೆಯದು ತನ್ನ ಗುಣದೋಷಗಳನ್ನು ತಾನೇ ಪಟ್ಟಿಮಾಡುವುದು. ಏಟು ತಿನ್ನುತ್ತಿರುವ ಹೆಣ್ಣಿಗೆ ಇದು 'ತಪ್ಪು ನಿನ್ನದೇ' ಎಂದಂತೆ ಕೇಳಿಸಬಹುದು. ಅಂಥವಳು ಆ ಮೆಟ್ಟಿಲಿಗೆ ಅವಸರಪಡಬಾರದು, ಮೊದಲು ಸುರಕ್ಷತೆ ನೋಡಿಕೊಳ್ಳಬೇಕು. ತಕ್ಷಣಕ್ಕೆ 112, ಹೆಣ್ಣುಮಕ್ಕಳ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅದೇ ಮನೆಯಲ್ಲಿ ಉಳಿಯುವ ಆದೇಶವನ್ನೂ ಕೋರ್ಟಿನಿಂದ ಕೇಳಬಹುದು.

ವೈದ್ಯಕೀಯ ಸಲಹೆಯೂ ಮೀಟಿಂಗಿನಲ್ಲಿ ಸಿಗುವುದಿಲ್ಲ. ದಿನವೂ ವಿಪರೀತ ಕುಡಿಯುವವನನ್ನು ಕೋಣೆಗೆ ಕೂಡಿ ಬಿಡಿಸಲು ಹೋಗಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ನಡುಕ, ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದೂ ಅಷ್ಟೇ ಅಪಾಯ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಮ್ ಮಾತ್ರೆಯ ಪ್ರಭಾವ ಮೈಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿಯಬಹುದು. ವ್ಯಸನ ಚಿಕಿತ್ಸೆಯ ಮಾಹಿತಿಗೆ 14446 ಇದೆ. ನಿಮಗೇ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಮೀಟಿಂಗಿನ ದಿನ ಬರಲೆಂದು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಸಂಜೆಯ ಹೊತ್ತಿನ ಮೀಟಿಂಗ್ ಅನೇಕರಿಗೆ ಕಷ್ಟ, ಅಡುಗೆಯ ಹೊತ್ತೂ ಅದೇ, ಅವನು ಮನೆಗೆ ಬರುವ ಹೊತ್ತೂ ಅದೇ. ಆನ್‌ಲೈನ್‌ನಲ್ಲಿ ಸೇರುವುದಾದರೆ ಇಯರ್‌ಫೋನ್ ಹಾಕಿ, ಕ್ಯಾಮೆರಾ ಆಫ್ ಮಾಡಿ, ಪರದೆಯಲ್ಲಿ ಕಾಣುವ ಹೆಸರನ್ನು ಮೊದಲೇ ಬದಲಿಸಿ. ನೇರವಾಗಿ ಹೋಗುವುದಾದರೆ ಮುಂಚೆ ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಮಾತುಕತೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಅದು ಮನೆಯವರಿಗೆ ಮಾತ್ರವೋ ಎಲ್ಲರಿಗೂ ತೆರೆದದ್ದೋ, ಹದಿಹರೆಯದ ಮಕ್ಕಳಿಗೆ ಅಲಟೀನ್ ಗುಂಪು ಹತ್ತಿರದಲ್ಲಿ ಇದೆಯೋ.